ಎಡೆದೊರೆ-1: ಕಥೆಯ ಆಕಾಶನೌಕೆ ಕಟ್ಟುವುದು, ಬೆಳಗಿಸುವುದು, ಬಣ್ಣ ಹಚ್ಚುವುದು



ನಮ್ಮ ತರಗತಿಯ ಕಪಾಟಿನ ಮೇಲೆ ಇಟ್ಟಿರುವ ಆಕಾಶನೌಕೆಯ ಮಾದರಿಯನ್ನು ನೀವೆಲ್ಲಾ ನೋಡೀರಿ. ಅದರ ಹೆಸರು ‘ಎಡೆದೊರೆ-1’. ಎಡೆ ಅಂದರೆ ನಡುವೆ, ತೊರೆ ಅಂದರೆ ಹೊಳೆ. ಕೃಷ್ಣಾ ಮತ್ತು ತುಂಗಭದ್ರಾ ನಡುವೆ ಇರುವ ನಮ್ಮ ರಾಯಚೂರು ಸೀಮೆಗೆ ಹಿಂದಿನ ಕಾಲದಲ್ಲಿ ಎಡೆದೊರೆ ನಾಡು ಎಂದು ಹೆಸರಿತ್ತು. ಅದಕ್ಕೇ ನೌಕೆಗೂ ಅದೇ ಹೆಸರು ಇಟ್ಟೆ.

ಇದನ್ನು ನೋಡಿದವರು ಮೂರು ಪ್ರಶ್ನೆ ಕೇಳುತ್ತಾರೆ. “ಎಲ್ಲಿ ಕೊಂಡಿ?” “ಒಳಗ ಲೈಟ್ ಹೆಂಗ ಹಚ್ಚಿದಿ?” ಒಂದನೇ ತರಗತಿಯ ಸಣ್ಣವರು ಕೇಳುವುದು, “ಅಕ್ಕಾ, ಇದು ಹಾರ್ತದೇನು?” ಮೂರಕ್ಕೂ ಉತ್ತರ ಇಲ್ಲಿ ಬರೆದಿದ್ದೇನೆ. ಪೂರ್ತಿ ಓದಿರಿ. ಅರ್ಧ ಓದಿ ಕೆಲಸ ಶುರು ಮಾಡಬೇಡಿರಿ, ಯಾಕಂದ್ರ ದೀಪದ ಕೆಲಸ ಮತ್ತು ಬಣ್ಣದ ಕೆಲಸ ಹಿಂದುಮುಂದಾದರೆ ಕಟ್ಟಿದ್ದನ್ನು ಬಿಚ್ಚಬೇಕಾಗುತ್ತದೆ.

ಕಿಟ್ ಎಂದರೇನು?

ದೊಡ್ಡ ಊರುಗಳಲ್ಲಿ ಮಾದರಿಯ ಕಿಟ್ ಎಂದು ಪೆಟ್ಟಿಗೆಯಲ್ಲಿ ಮಾರುತ್ತಾರೆ. ಅದರೊಳಗೆ ಪ್ಲಾಸ್ಟಿಕ್ಕಿನ ಸಣ್ಣ ಸಣ್ಣ ಭಾಗಗಳು ಒಂದು ಚೌಕಟ್ಟಿಗೆ ಅಂಟಿಕೊಂಡು ಇರುತ್ತವೆ. ಒಂದೊಂದನ್ನೂ ಕತ್ತರಿಸಿ, ಉಜ್ಜಿ, ಅಂಟಿಸಬೇಕು. ಆ ಪ್ಲಾಸ್ಟಿಕ್ಕಿಗೆ ಪಾಲಿಸ್ಟೈರೀನ್ ಎಂದು ಹೆಸರು. ಅದಕ್ಕೆ ಹಚ್ಚುವ ವಿಶೇಷ ಅಂಟು ಪ್ಲಾಸ್ಟಿಕ್ಕನ್ನೇ ಸ್ವಲ್ಪ ಕರಗಿಸಿ ಎರಡು ತುಂಡುಗಳನ್ನು ಒಂದು ಮಾಡುತ್ತದೆ.

ಅಂಥ ಕಿಟ್ ನಮ್ಮ ಸಂತೆಯಲ್ಲಿ ಸಿಗುವುದಿಲ್ಲ. ಆದ್ದರಿಂದ ನಮಗೆ ಆಗುವುದಿಲ್ಲ ಅಂತ ಕೂಡಬೇಕಾಗಿಲ್ಲ. ಒಂದು ವಿಷಯ ಕೇಳಿರಿ. 1977ರಲ್ಲಿ ಬಂದ ‘ಸ್ಟಾರ್ ವಾರ್ಸ್’ ಎಂಬ ಅಮೆರಿಕದ ಸಿನಿಮಾದಲ್ಲಿ ಕಾಣುವ ಆಕಾಶನೌಕೆಗಳು ಕೂಡ ಮಾದರಿಗಳೇ. ಅವುಗಳ ಮೈಮೇಲೆ ಕಾಣುವ ನೂರಾರು ಯಂತ್ರದ ಭಾಗಗಳನ್ನು ಅದನ್ನು ಮಾಡಿದವರು ಅಂಗಡಿಯಲ್ಲಿ ಸಿಗುವ ಯುದ್ಧದ ಟ್ಯಾಂಕ್ ಮತ್ತು ವಿಮಾನದ ಆಟಿಕೆ ಕಿಟ್‌ಗಳಿಂದ ಕಿತ್ತು ಅಂಟಿಸಿದರು. ಅಂದರೆ ಒಂದು ಸಾಮಾನನ್ನು ಮತ್ತೊಂದು ಸಾಮಾನಾಗಿ ನೋಡುವ ಕಣ್ಣು ಬೇಕು. ಅವರಿಗೆ ಟ್ಯಾಂಕಿನ ಗಾಲಿ ಸಿಕ್ಕಿತು. ನಮಗೆ ಡ್ರಿಪ್ ಪೈಪಿನ ಜೋಡಣೆ, ಪೆನ್ನಿನ ಟೊಪ್ಪಿಗೆ, ಹೊಲಿಗೆ ಯಂತ್ರದ ಬಾಬಿನ್ ಸಿಗುತ್ತವೆ.

ನಮ್ಮ ಸೀಮೆಗೆ ಮಾದರಿ ಮಾಡುವ ವಿದ್ಯೆ ಹೊಸದೂ ಅಲ್ಲ. ಕೊಪ್ಪಳದ ಹತ್ತಿರ ಕಿನ್ನಾಳ ಎಂಬ ಊರು ಇದೆ. 1997ರಲ್ಲಿ ಕೊಪ್ಪಳ ಬೇರೆ ಜಿಲ್ಲೆ ಆಗುವವರೆಗೆ ಅದು ನಮ್ಮ ರಾಯಚೂರು ಜಿಲ್ಲೆಯಲ್ಲೇ ಇತ್ತು. ಅಲ್ಲಿಯ ಚಿತ್ರಗಾರರು ಹಗುರ ಕಟ್ಟಿಗೆಯಿಂದ ಗೊಂಬೆ ಮಾಡುತ್ತಾರೆ. ತುಂಡುಗಳನ್ನು ಹುಣಸೆ ಬೀಜದ ಅಂಟಿನಿಂದ ಕೂಡಿಸುತ್ತಾರೆ. ಸಂದುಗಳಿಗೆ ಕಟ್ಟಿಗೆ ಹೊಟ್ಟು ಮತ್ತು ಅದೇ ಅಂಟು ಕಲೆಸಿದ ಮುದ್ದೆಯನ್ನು ತುಂಬುತ್ತಾರೆ. ಮೇಲೆ ಬಟ್ಟೆಯ ತುಂಡು ಅಂಟಿಸಿ, ಕಲ್ಲಿನ ಪುಡಿಯ ಬಿಳಿ ಲೇಪ ಕೊಟ್ಟು, ಆಮೇಲೆ ಬಣ್ಣ ಹಚ್ಚುತ್ತಾರೆ. ನಾನು ಈ ಕ್ರಮವನ್ನೇ ಹಿಡಿದೆ. ಗೊಂಬೆ ಇದ್ದಲ್ಲಿ ನೌಕೆ ಬಂತು, ಅಷ್ಟೇ.

ಮೊದಲು ಕೆಲಸ, ಆಮೇಲೆ ಆಕಾರ

ನೌಕೆಯ ಚಿತ್ರ ಬರೆಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಈ ನೌಕೆಯ ಕೆಲಸ ಏನು? ಎತ್ತಿನ ಬಂಡಿಯ ಆಕಾರ ಬೇರೆ, ನೀರಿನ ಟ್ಯಾಂಕರಿನ ಆಕಾರ ಬೇರೆ. ಯಾಕಂದ್ರ ಕೆಲಸ ಬೇರೆ.

ನನ್ನ ಕಥೆಯಲ್ಲಿ ಎಡೆದೊರೆ-1 ನೀರು ಸಾಗಿಸುವ ನೌಕೆ. 2008ರ ಅಕ್ಟೋಬರ್ 22ರಂದು ಹಾರಿದ ನಮ್ಮ ಚಂದ್ರಯಾನ-1ರ ಉಪಕರಣಗಳು ಚಂದ್ರನ ಮೇಲೆ ನೀರಿನ ಅಣುಗಳ ಗುರುತು ಕಂಡವು. ಆ ಸುದ್ದಿ 2009ರಲ್ಲಿ ಲೋಕಕ್ಕೆಲ್ಲಾ ತಿಳಿಯಿತು. ಚಂದ್ರನ ದಕ್ಷಿಣ ತುದಿಯ ಹತ್ತಿರ ಎಂದೂ ಬಿಸಿಲು ಬೀಳದ ಕುಳಿಗಳಿವೆ. ಅಲ್ಲಿ ಮಂಜುಗಡ್ಡೆ ಇದೆ ಎನ್ನುವುದಕ್ಕೆ ಗುರುತುಗಳು ಸಿಕ್ಕಿವೆ. ಆ ಮಂಜು ಕರಗಿಸಿ ನೀರು ಹೊರುವ ನೌಕೆ ಅಂತ ನಾನು ಕಥೆ ಕಟ್ಟಿದೆ. ಕನ್ನಡದಲ್ಲಿ ರಾಜಶೇಖರ ಭೂಸನೂರಮಠರಂಥವರು ಇಂಥ ವಿಜ್ಞಾನ ಕಥೆಗಳನ್ನು ಬರೆದಿದ್ದಾರೆ. ವಿಜ್ಞಾನ ಕಥೆ ಎಂದರೆ ಬರೀ ಸುಳ್ಳು ಅಲ್ಲ. ಗೊತ್ತಿರುವ ವಿಜ್ಞಾನದಿಂದ ಹೊರಟು ಮುಂದೆ ಏನಾಗಬಹುದು ಎಂದು ಊಹಿಸುವುದು.

ಕೆಲಸ ಗೊತ್ತಾದ ಮೇಲೆ ಆಕಾರ ತಾನೇ ಬರುತ್ತದೆ:

1. ನಡುವೆ ನೀರಿನ ಟ್ಯಾಂಕಿ.
2. ಮುಂದೆ ಮನುಷ್ಯರು ಇರುವ ಕೋಣೆ.
3. ಹಿಂದೆ ಎಂಜಿನ್ನು.
4. ಎರಡೂ ಕಡೆ ಬಿಸಿಲಿನಿಂದ ಕರೆಂಟು ಮಾಡುವ ಸೌರ ಫಲಕ.
5. ರೆಕ್ಕೆ ಬೇಡ. ರೆಕ್ಕೆ ಗಾಳಿಯನ್ನು ಒತ್ತಿ ಮೇಲೇಳುತ್ತದೆ. ಬಾಹ್ಯಾಕಾಶದಲ್ಲಿ ಗಾಳಿ ಇಲ್ಲ. ಚಂದ್ರಯಾನಕ್ಕೂ ರೆಕ್ಕೆ ಇರಲಿಲ್ಲ.
6. ಮೂತಿ ಚೂಪು ಮಾಡಬೇಕಾಗಿಲ್ಲ. ಕಾರಣ ಅದೇ, ಸೀಳಲು ಗಾಳಿಯೇ ಇಲ್ಲ.

ಅಳತೆ: 1ಕ್ಕೆ 100

ಭೂಗೋಳದ ನಕಾಶೆಗೆ ಪ್ರಮಾಣ ಇರುವ ಹಾಗೆ ಮಾದರಿಗೂ ಪ್ರಮಾಣ ಬೇಕು. ನಾನು 1:100 ತೆಗೆದುಕೊಂಡೆ. ಮಾದರಿಯ 1 ಸೆಂಟಿಮೀಟರ್ ಅಂದರೆ ನಿಜದ 1 ಮೀಟರ್. ಲೆಕ್ಕ ಸಲೀಸು.

ನನ್ನ ಮಾದರಿ 45 ಸೆಂ.ಮೀ. ಉದ್ದ, ಅಂದರೆ ನಿಜದಲ್ಲಿ 45 ಮೀಟರ್. ಚಂದ್ರಯಾನ-3ನ್ನು ಹೊತ್ತು ಹೋದ ಎಲ್.ವಿ.ಎಂ.3 ರಾಕೆಟ್ಟಿನ ಎತ್ತರ 43.5 ಮೀಟರ್. ಅದನ್ನು ಇದೇ ಪ್ರಮಾಣದಲ್ಲಿ ಮಾಡಿದರೆ 43.5 ಸೆಂ.ಮೀ. ಆಗುತ್ತದೆ. ಚಂದ್ರನ ಮೇಲೆ ಇಳಿದ ವಿಕ್ರಮ್ ಲ್ಯಾಂಡರ್ 2 ಮೀಟರ್ ಉದ್ದ, 2 ಮೀಟರ್ ಅಗಲ, 1.17 ಮೀಟರ್ ಎತ್ತರ. ನಮ್ಮ ಪ್ರಮಾಣದಲ್ಲಿ ಅದು ಒಂದು ಸಣ್ಣ ಬೆಲ್ಲದ ತುಂಡಿನಷ್ಟು. ಮನುಷ್ಯ 1.6 ಸೆಂ.ಮೀ., ದೊಡ್ಡ ಶೇಂಗಾ ಬೀಜದಷ್ಟು.

ಮಾದರಿ ನೋಡುವವರ ಕಣ್ಣಿಗೆ ದೊಡ್ಡ ನೌಕೆಯ ಹಾಗೆ ಕಾಣಬೇಕಾದರೆ ಗುಟ್ಟು ಇಲ್ಲೇ ಇದೆ. ಕಿಟಕಿ ಮತ್ತು ಬಾಗಿಲು ಸಣ್ಣವು ಇರಬೇಕು. ಬಾಗಿಲು 2 ಸೆಂ.ಮೀ., ಕಿಟಕಿ 3 ಮಿಲಿಮೀಟರ್. ಕಿಟಕಿಯನ್ನು ರೂಪಾಯಿ ನಾಣ್ಯದಷ್ಟು ಮಾಡಿದರೆ ನೌಕೆ ಆಟೋರಿಕ್ಷಾದಷ್ಟು ಸಣ್ಣದಾಗಿ ಕಾಣುತ್ತದೆ. ಅಳತೆಯನ್ನು ಕಣ್ಣು ಕಿಟಕಿಯಿಂದಲೇ ಹಿಡಿಯುತ್ತದೆ.

ನಿಮಗೆ ಗೊತ್ತೇ? ಭೂಮಿಯಿಂದ ಚಂದ್ರನಿಗೆ ಸರಾಸರಿ ದೂರ 3,84,400 ಕಿ.ಮೀ. ನಮ್ಮ ಪ್ರಮಾಣದಲ್ಲಿ ಅದನ್ನು 100ರಿಂದ ಭಾಗಿಸಿದರೂ 3,844 ಕಿ.ಮೀ. ಬರುತ್ತದೆ! ಭಾರತದ ಉತ್ತರ ತುದಿಯಿಂದ ದಕ್ಷಿಣ ತುದಿಗೆ 3,214 ಕಿ.ಮೀ. ಅಂದರೆ ಮಾದರಿಯ ಚಂದ್ರನನ್ನು ಇಡಲು ನಮ್ಮ ದೇಶವೇ ಸಾಲದು.

ಬೇಕಾಗುವ ಸಾಮಾನು

1 ಲೀಟರಿನ ಖಾಲಿ ನೀರಿನ ಬಾಟಲಿ 1. ಬಟ್ಟೆ ಅಂಗಡಿಯ ಥಾನಿನ ಒಳಗಿನ ರಟ್ಟಿನ ಕೊಳವೆ. ನೋಟ್‌ಬುಕ್ಕಿನ ಹಳೆಯ ರಟ್ಟು. ಹಳೆಯ ಪೇಪರ್. ಹತ್ತಿ ನೂಲು. ಹುಣಸೆ ಬೀಜ. ಸೀಮೆಸುಣ್ಣದ ಪುಡಿ (ಬೋರ್ಡಿನ ಕೆಳಗೆ ದಿನಾ ಬೀಳುವುದೇ ಸಾಕು). ಪಾಲಿಶ್ ಪೇಪರ್. ಖಾಲಿ ಗುಳಿಗೆ ಹಾಳೆ, ಪೆನ್ನಿನ ಟೊಪ್ಪಿಗೆ, ಮುಗಿದ ರಿಫಿಲ್. ಎಲ್.ಇ.ಡಿ. 4 (ಬಿಳಿ 2, ಕೆಂಪು 2). ರೆಸಿಸ್ಟರ್ 4. ಪೆನ್ಸಿಲ್ ಸೆಲ್ 3 ಮತ್ತು ಸೆಲ್ ಕೂಡುವ ಡಬ್ಬಿ. ಒಂದು ಸ್ವಿಚ್ಚು. ಸಣ್ಣ ವೈರು, ಟೇಪು. ಅರ್ಧ ಮೊಳ ಪಿ.ವಿ.ಸಿ. ಪೈಪು, ಕಟ್ಟಿಗೆ ತುಂಡು. ನೀರಿನ ಬಣ್ಣ: ಬಿಳಿ, ಕಪ್ಪು, ನೀಲಿ.

ಎಲ್.ಇ.ಡಿ., ರೆಸಿಸ್ಟರ್, ಸ್ವಿಚ್ಚು ರಾಯಚೂರಿನ ರೇಡಿಯೋ ರಿಪೇರಿ ಸಾಮಾನಿನ ಅಂಗಡಿಯಲ್ಲಿ ಬಿಡಿಯಾಗಿ ಸಿಗುತ್ತವೆ. ಊರಿಂದ ಹೋಗುವವರ ಕೈಲಿ ಚೀಟಿ ಬರೆದು ಕೊಟ್ಟರೆ ಸಾಕು.

ಕಟ್ಟುವ ವಿಧಾನ

ಅಂಟು: ಹುಣಸೆ ಬೀಜವನ್ನು ಸ್ವಲ್ಪ ಹುರಿದು, ಒಂದು ರಾತ್ರಿ ನೀರಾಗ ನೆನೆಹಾಕಿ, ಕರಿ ಸಿಪ್ಪೆ ತೆಗೆಯಬೇಕು. ಒಳಗಿನ ಬಿಳಿ ಬೇಳೆಯನ್ನು ನುಣ್ಣಗೆ ರುಬ್ಬಿ, ನೀರು ಹಾಕಿ, ಸಣ್ಣ ಉರಿಯಲ್ಲಿ ತಿರುವುತ್ತಾ ಕುದಿಸಿದರೆ ಗಂಜಿಯಂತೆ ಅಂಟಾಗುತ್ತದೆ. ಒಲೆಯ ಕೆಲಸವನ್ನು ಅವ್ವನ ಮುಂದೆಯೇ ಮಾಡಿರಿ. ಹುಳ ಹಿಡಿಯಬಾರದು ಅಂತ ಕೆಲವರು ಇಂಥ ಅಂಟಿಗೆ ಮೈಲುತುತ್ತ ಹಾಕುತ್ತಾರೆ. ಅದು ವಿಷ, ನಮಗೆ ಬೇಡ. ಎರಡು ದಿನಕ್ಕೆ ಸಾಕಾಗುವಷ್ಟೇ ಅಂಟು ಮಾಡಿಕೊಳ್ಳಬೇಕು.

ಮೈ: ಬಾಟಲಿ ನಡುವಿನ ಟ್ಯಾಂಕಿ, ಸುಮಾರು 25 ಸೆಂ.ಮೀ. ಮುಂದೆ 10 ಸೆಂ.ಮೀ. ರಟ್ಟಿನ ಕೊಳವೆ, ಅದು ಕೋಣೆ. ಹಿಂದೆ 10 ಸೆಂ.ಮೀ. ಕೊಳವೆ, ಅದು ಎಂಜಿನ್ನು. ಬಾಟಲಿಯ ತಳಕ್ಕೆ ತೂತು ಮಾಡಿದರೆ ವೈರು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತದೆ.

ಹುಣಸೆ ಅಂಟು ನುಣುಪು ಪ್ಲಾಸ್ಟಿಕ್ಕಿಗೆ ಹಿಡಿಯುವುದಿಲ್ಲ. ಅದಕ್ಕೆ ಮೊದಲು ಬಾಟಲಿಯನ್ನು ಪಾಲಿಶ್ ಪೇಪರಿನಿಂದ ಒರಟು ಮಾಡಿ, ಮೇಲೆ ಹತ್ತಿ ನೂಲು ಸುತ್ತಬೇಕು. ನೂಲು ಅಂಟನ್ನು ಹೀರಿ ಹಿಡಿದುಕೊಳ್ಳುತ್ತದೆ. ಅದರ ಮೇಲೆ ಎರಡು ಬೆರಳು ಅಗಲದ ಪೇಪರ್ ಪಟ್ಟಿಗಳನ್ನು ಅಂಟಿನಲ್ಲಿ ಅದ್ದಿ 3 ಪದರ ಹಚ್ಚಬೇಕು. ಒಂದು ಪದರ ಅಡ್ಡ, ಮುಂದಿನದು ಉದ್ದ. ಮಗ್ಗದಲ್ಲಿ ಹಾಸು ಹೊಕ್ಕು ಇದ್ದ ಹಾಗೆ ಇದು ಎರಡೂ ಕಡೆ ಗಟ್ಟಿ ಬರುತ್ತದೆ. ಪ್ರತಿ ಪದರ ಒಣಗಿದ ಮೇಲೆಯೇ ಮುಂದಿನದು. ನಮ್ಮ ಬಿಸಿಲು ಗೊತ್ತದಲ್ಲ, ಬಿಸಿಲಿಗೆ ಇಟ್ಟರೆ ಒಂದು ಮಗ್ಗಲು ಮೊದಲು ಒಣಗಿ ರಟ್ಟು ಡೊಂಕಾಗ್ತದ. ನೆರಳಲ್ಲೇ ಒಣಗಿಸಿರಿ.

ನಿಲ್ಲಿಸುವ ಕಂಬ: ನೌಕೆಯನ್ನು ಒಂದು ಬೆರಳ ಮೇಲೆ ತೂಗಿ ನೋಡಿರಿ. ಯಾವ ಕಡೆಗೂ ವಾಲದ ಜಾಗ ಸಿಗುತ್ತದೆ. ಅದೇ ಗುರುತ್ವ ಕೇಂದ್ರದ ಜಾಗ. ಪೈಪನ್ನು ಅಲ್ಲಿಗೇ ಕೂಡಿಸಬೇಕು. ವೈರುಗಳು ಪೈಪಿನ ಒಳಗಿಂದ ಕೆಳಗೆ ಬಂದು, ಸೆಲ್ ಮತ್ತು ಸ್ವಿಚ್ಚು ಕಟ್ಟಿಗೆಯ ಪೀಠದ ಬಳಿ ಇರಬೇಕು. ಸೆಲ್ಲನ್ನು ನೌಕೆಯ ಹೊಟ್ಟೆಯೊಳಗೆ ಮುಚ್ಚಿಬಿಟ್ಟರೆ ಸೆಲ್ ಮುಗಿದ ದಿನ ಹೊಟ್ಟೆ ಕೊಯ್ಯಬೇಕು!

ಸಣ್ಣ ಭಾಗ: ಗುಳಿಗೆ ಹಾಳೆಯ ಉಬ್ಬುಗಳು ಗಾಳಿ ತುಂಬಿದ ಡಬ್ಬಿಗಳಂತೆ, ರಿಫಿಲ್ ಕೊಳವೆಗಳು ನೀರಿನ ಪೈಪಿನಂತೆ, ಪೆನ್ನಿನ ಟೊಪ್ಪಿಗೆ ಎಂಜಿನ್ನಿನ ಬಾಯಿಯಂತೆ ಕಾಣುತ್ತವೆ. ಆದರೆ ಎಲ್ಲಾ ಕಡೆ ಅಂಟಿಸಬಾರದು. ಒಂದು ಕಡೆ ಗಿಜಿಗಿಜಿ, ಒಂದು ಕಡೆ ಬಯಲು ಇದ್ದರೆ ಚೆಂದ.

ಬೆಳಗಿಸುವ ವಿಧಾನ

ಎಲ್.ಇ.ಡಿ. ಅಂದರೆ ಬೆಳಕು ಕೊಡುವ ಡಯೋಡ್. ಅದರಲ್ಲಿ ಕಾಯುವ ತಂತಿ ಇಲ್ಲ. ಒಂದು ಸಣ್ಣ ಅರೆವಾಹಕ ಚೂರಿನಲ್ಲಿ ಕರೆಂಟು ಹರಿದಾಗ ನೇರವಾಗಿ ಬೆಳಕು ಬರುತ್ತದೆ. ಕಣ್ಣಿಗೆ ಕಾಣುವ ಕೆಂಪು ಎಲ್.ಇ.ಡಿ.ಯನ್ನು 1962ರಲ್ಲಿ ಅಮೆರಿಕದ ನಿಕ್ ಹೊಲೊನ್ಯಾಕ್ ಮಾಡಿದರು. ನೀಲಿ ಬೆಳಕು ಬಹಳ ಕಷ್ಟವಾಯಿತು. ಅದನ್ನು ಸಾಧಿಸಿದ ಜಪಾನಿನಲ್ಲಿ ಹುಟ್ಟಿದ ಮೂವರು ವಿಜ್ಞಾನಿಗಳಾದ ಅಕಾಸಾಕಿ, ಅಮಾನೊ, ನಕಮುರಾ ಅವರಿಗೆ 2014ರ ಭೌತಶಾಸ್ತ್ರ ನೊಬೆಲ್ ಬಹುಮಾನ ಬಂತು. ನಾವು ಕೊಳ್ಳುವ ಬಿಳಿ ಎಲ್.ಇ.ಡಿ.ಯೊಳಗೆ ಇರುವುದು ನೀಲಿ ಚೂರೇ. ಅದರ ಮೇಲಿನ ಹಳದಿ ಪುಡಿ ಸ್ವಲ್ಪ ನೀಲಿಯನ್ನು ಹಳದಿ ಮಾಡುತ್ತದೆ. ಎರಡೂ ಕೂಡಿ ಬಿಳಿಯಾಗಿ ಕಾಣುತ್ತದೆ.

ಎಲ್.ಇ.ಡಿ.ಗೆ ಎರಡು ಕಾಲು. ಉದ್ದ ಕಾಲು ಪ್ಲಸ್ಸಿಗೆ, ಗಿಡ್ಡ ಕಾಲು ಮೈನಸ್ಸಿಗೆ. ತಿರುಗಾ ಮುರುಗಾ ಆದರೆ ಹತ್ತುವುದಿಲ್ಲ.

ರೆಸಿಸ್ಟರ್ ಯಾಕೆ ಬೇಕು? ಎಲ್.ಇ.ಡಿ. ತನಗೆ ಎಷ್ಟು ಕರೆಂಟು ಬೇಕೋ ಅಷ್ಟೇ ತಗೊಳ್ಳುವ ಶಾಣ್ಯಾ ಅಲ್ಲ. ಕೊಟ್ಟಷ್ಟೂ ತಗೊಂಡು ಸುಟ್ಟು ಹೋಗುತ್ತದೆ. ಕಾಲುವೆಯ ತೂಬು ನೀರನ್ನು ತಡೆದು ಹೊಲಕ್ಕೆ ಬೇಕಾದಷ್ಟೇ ಬಿಡುವ ಹಾಗೆ ರೆಸಿಸ್ಟರ್ ಕರೆಂಟನ್ನು ತಡೆಯುತ್ತದೆ. ಎಷ್ಟು ಓಮಿನ ರೆಸಿಸ್ಟರ್ ಎಂದು ಲೆಕ್ಕ ಮಾಡಬಹುದು:

ಒಂದು ಸೆಲ್ 1.5 ವೋಲ್ಟ್. ಮೂರು ಸೆಲ್ ಸಾಲಾಗಿ ಇಟ್ಟರೆ 4.5 ವೋಲ್ಟ್.
ಬಿಳಿ ಎಲ್.ಇ.ಡಿ.ಗೆ ಸುಮಾರು 3 ವೋಲ್ಟ್ ಬೇಕು. ಉಳಿದದ್ದು 4.5 − 3 = 1.5 ವೋಲ್ಟ್.
ಹರಿಯಬೇಕಾದ ಕರೆಂಟು 15 ಮಿಲಿಆಂಪಿಯರ್, ಅಂದರೆ 0.015 ಆಂಪಿಯರ್.
ಓಮನ ನಿಯಮದಂತೆ 1.5 ÷ 0.015 = 100 ಓಮ್.

ಕೆಂಪು ಎಲ್.ಇ.ಡಿ.ಗೆ ಸುಮಾರು 2 ವೋಲ್ಟ್ ಸಾಕು. ಉಳಿದದ್ದು 2.5 ವೋಲ್ಟ್. 2.5 ÷ 0.015 = ಸುಮಾರು 167. ಅಂಗಡಿಯಲ್ಲಿ 180 ಓಮ್ ಸಿಗುತ್ತದೆ, ಅದು ಸರಿ. ಬೇಕಾದುದಕ್ಕಿಂತ ಸ್ವಲ್ಪ ಹೆಚ್ಚು ಓಮ್ ಆದರೆ ಕೆಡುಕಿಲ್ಲ, ಕಡಿಮೆ ಆಗಬಾರದು.

ಗುರುತಿಸುವುದು ಪಟ್ಟಿಯ ಬಣ್ಣದಿಂದ. 100 ಓಮಿಗೆ ಕಂದು, ಕಪ್ಪು, ಕಂದು. 180 ಓಮಿಗೆ ಕಂದು, ಬೂದು, ಕಂದು. ಕೊನೆಗೆ ಇರುವ ಬಂಗಾರದ ಪಟ್ಟಿ ಎಷ್ಟು ಹೆಚ್ಚುಕಡಿಮೆ ಇರಬಹುದು ಎಂದು ತಿಳಿಸುತ್ತದೆ.

ನಾಲ್ಕು ದೀಪಕ್ಕೂ ಸೇರಿ ಒಂದೇ ರೆಸಿಸ್ಟರ್ ಸಾಕಲ್ಲವೇ ಎಂದು ಕೇಳಬಹುದು. ಸಾಲದು. ಕೆಂಪು ಎಲ್.ಇ.ಡಿ. 2 ವೋಲ್ಟಿಗೇ ಹತ್ತುವುದರಿಂದ ಎಲ್ಲಾ ಕರೆಂಟು ಅದರ ದಾರಿಯಲ್ಲೇ ಹೋಗಿಬಿಡುತ್ತದೆ. ಬಿಳಿಗೆ 3 ವೋಲ್ಟ್ ಸಿಗುವುದೇ ಇಲ್ಲ, ಅದು ಕತ್ತಲಲ್ಲಿ ಕೂಡುತ್ತದೆ. ಆದ್ದರಿಂದ ಒಬ್ಬೊಬ್ಬರಿಗೆ ಒಂದೊಂದು ರೆಸಿಸ್ಟರ್. ನಾಲ್ಕೂ ಜೋಡಿಗಳನ್ನು ಸಮಾಂತರವಾಗಿ ಸೆಲ್ಲಿಗೆ ಕೂಡಿಸಬೇಕು.

ನಾಲ್ಕೂ ಸೇರಿ ತಗೊಳ್ಳುವುದು ಸುಮಾರು 60 ಮಿಲಿಆಂಪಿಯರ್. ಹಳೆಯ ಕಾಲದ ಬ್ಯಾಟರಿ ಬಲ್ಬು ಒಂದೇ ಸುಮಾರು 300 ಮಿಲಿಆಂಪಿಯರ್ ತಗೊಳ್ಳುತ್ತಿತ್ತು. ಅದಕ್ಕೇ ನಮ್ಮ ನೌಕೆ ಕರೆಂಟು ಹೋದ ಸಂಜೆಯೆಲ್ಲಾ ಬೆಳಗುತ್ತದೆ.

ಕಿಟಕಿ: ಬಿಸಿ ಮಾಡದ ಮೊಳೆಯಿಂದ ರಟ್ಟಿಗೆ 3 ಮಿ.ಮೀ. ತೂತು ಮಾಡಿ, ಒಳಗಿನಿಂದ ಬೆಣ್ಣೆ ಕಾಗದ ಅಂಟಿಸಿರಿ. ಆಗ ಎಲ್.ಇ.ಡಿ.ಯ ಚುಕ್ಕೆ ಕಾಣದೆ ಕೋಣೆಯೇ ಬೆಳಗಿದ ಹಾಗೆ ಕಾಣುತ್ತದೆ. ಎಲ್ಲಾ ಕಿಟಕಿಗೂ ಬೆಳಕು ಬೇಡ. ಕೆಲವನ್ನು ಕಪ್ಪು ಬಿಡಿರಿ. ನಮ್ಮ ಊರ ಮನೆಗಳಲ್ಲೂ ರಾತ್ರಿ ಎಲ್ಲಾ ಕಿಟಕಿ ಬೆಳಗುವುದಿಲ್ಲವಲ್ಲ.

ಸೋರುವ ಬೆಳಕು: ಪೇಪರಿನ ಮೈ ಒಳಗಿನಿಂದ ಕೆಂಡದಂತೆ ಹೊಳೆಯುತ್ತದೆ. ನಿಜದ ನೌಕೆ ಲೋಹದ್ದು, ಹಾಗೆ ಹೊಳೆಯಬಾರದು. ಅದಕ್ಕೆ ಒಳಗೆ ಬಿಳಿ, ಹೊರಗೆ ಮೊದಲ ಬಣ್ಣ ಕಪ್ಪು. ಬಿಳಿ ಬೆಳಕನ್ನು ಹರಡುತ್ತದೆ, ಕಪ್ಪು ತಡೆಯುತ್ತದೆ. ಕತ್ತಲೆಯಲ್ಲಿ ಹಚ್ಚಿ ನೋಡಿ, ಸೋರುವ ಕಡೆ ಇನ್ನೊಂದು ಸಲ ಕಪ್ಪು ಹಚ್ಚಿರಿ. ಕೆಲವರು ಒಳಗೆ ಬೆಳ್ಳಿ ಹಾಳೆ ಅಂಟಿಸುತ್ತಾರೆ. ಆ ಹಾಳೆ ಲೋಹ, ಅದರಲ್ಲಿ ಕರೆಂಟು ಹರಿಯುತ್ತದೆ. ಬರಿ ತಂತಿ ಅದಕ್ಕೆ ತಾಗಿದರೆ ಶಾರ್ಟ್ ಆಗುತ್ತದೆ. ಪ್ರತಿ ಗಂಟಿಗೂ ಟೇಪು ಸುತ್ತಿರಿ.

ಇಲ್ಲಿ ಚೆನ್ನಾಗಿ ಓದಿರಿ: ಎಚ್ಚರಿಕೆ

1. ಮನೆಯ ಗೋಡೆಯ ಕರೆಂಟು 230 ವೋಲ್ಟ್. ಅದನ್ನು ಯಾವ ಮಾದರಿಗೂ ಕೂಡಿಸಬಾರದು. ನಮಗೆ 4.5 ವೋಲ್ಟ್ ಸಾಕು.
2. ಹಳೆಯ ಮೊಬೈಲಿನ ಬ್ಯಾಟರಿ ಬಿಟ್ಟಿ ಸಿಗ್ತದ ಅಂತ ತರಬೇಡಿರಿ. ಅದು ಲಿಥಿಯಂ ಬ್ಯಾಟರಿ. ಉಬ್ಬಿದ್ದನ್ನು ಚುಚ್ಚಿದರೆ, ಅಥವಾ ಎರಡು ತುದಿ ತಾಗಿಸಿದರೆ, ಬೆಂಕಿ ಹತ್ತಬಹುದು.
3. ಗಡಿಯಾರದ ಗುಂಡಿಯಂಥ ಸೆಲ್ ಬೇಡ. ಸಣ್ಣ ತಮ್ಮ ತಂಗಿ ಅದನ್ನು ನುಂಗಿದರೆ, ಗಂಟಲ ನಾಳದಲ್ಲಿ ಸಿಕ್ಕಿಕೊಂಡು ಎರಡು ತಾಸಿನಲ್ಲೇ ಒಳಗೆ ಸುಡಬಹುದು. ಯಾರಾದರೂ ನುಂಗಿದರೆ ನಾಳೆ ನೋಡೋಣ ಅನ್ನದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.
4. ಬ್ಲೇಡು ಹಿಡಿದಾಗ ಕೊಯ್ಯುವ ದಿಕ್ಕಿನಲ್ಲಿ ನಿಮ್ಮ ಬೆರಳು ಇರಬಾರದು. ಬೆಸುಗೆ ಹಾಕುವುದಿದ್ದರೆ ರಿಪೇರಿ ಅಂಗಡಿಯವರ ಕೈಲೇ ಹಾಕಿಸಿರಿ. ಇಲ್ಲವೇ ತಂತಿ ಹೊಸೆದು ಟೇಪು ಸುತ್ತಿದರೂ ನಡೆಯುತ್ತದೆ.

ಮಾದರಿ ಕೆಟ್ಟರೆ ಮತ್ತೆ ಮಾಡಬಹುದು. ಕೈ, ಕಣ್ಣು ಮತ್ತೆ ಬರುವುದಿಲ್ಲ.

ಬಣ್ಣ ಹಚ್ಚುವ ವಿಧಾನ

ದೀಪ ಹತ್ತುವುದನ್ನು ಮೂರು ಸಲ ನೋಡಿದ ಮೇಲೆಯೇ ಬಣ್ಣ. ಮೊದಲು ಕಿಟಕಿಗಳ ಮೇಲೆ ಒದ್ದೆ ಕಾಗದದ ಚೂರು ಅಂಟಿಸಿ ಮುಚ್ಚಿರಿ.

ಕಪ್ಪು ಒಣಗಿದ ಮೇಲೆ ತಳಬಣ್ಣ: ಸೀಮೆಸುಣ್ಣದ ಪುಡಿ ಜರಡಿ ಹಿಡಿದು, ತೆಳು ಅಂಟಿನಲ್ಲಿ ಕಲೆಸಿ, ಎರಡು ಸಲ ತೆಳುವಾಗಿ ಹಚ್ಚಿರಿ. ಒಣಗಿದ ಮೇಲೆ ಪಾಲಿಶ್ ಪೇಪರಿನಿಂದ ಮೆಲ್ಲಗೆ ಉಜ್ಜಿರಿ. ಕಿನ್ನಾಳದ ಬಿಳಿ ಲೇಪದ ಕೆಲಸವೇ ಇದು. ಪೇಪರಿನ ಅಂಚು, ನೂಲಿನ ಗೆರೆ ಎಲ್ಲಾ ಮುಚ್ಚಿ ಹೋಗಿ ಮೈ ಒಂದೇ ಆಗುತ್ತದೆ. ಬಣ್ಣವೂ ಹೀರದೆ ಮೇಲೆ ನಿಲ್ಲುತ್ತದೆ.

ಮೇಲ್ಬಣ್ಣ: ಅಚ್ಚ ಬಿಳಿ ಹಚ್ಚಬೇಡಿರಿ, ಸುಣ್ಣದ ಗೋಡೆಯ ಹಾಗೆ ಕಾಣುತ್ತದೆ. ಬಿಳಿಗೆ ಒಂದು ಹನಿ ಕಪ್ಪು, ಅರ್ಧ ಹನಿ ನೀಲಿ ಹಾಕಿ ಬೂದು ಮಾಡಿರಿ. ಒಂದು ದಪ್ಪ ಕೋಟಿಗಿಂತ ಮೂರು ತೆಳು ಕೋಟು ಒಳ್ಳೆಯದು. ದಪ್ಪ ಬಣ್ಣ ಒಣಗುವಾಗ ಬಿರಿಯುತ್ತದೆ, ನಮ್ಮ ಕೆರೆಯ ಮಣ್ಣಿನ ಹಾಗೆ.

ಆಮೇಲೆ ಮೂರು ಉಪಾಯ:

ಗೆರೆ: ಚೂಪು ಪೆನ್ಸಿಲಿನಿಂದ ತಗಡು ಜೋಡಿಸಿದಂಥ ಚೌಕಗಳನ್ನು ಬರೆಯಿರಿ. ಒಂದೆರಡು ಚೌಕಗಳಿಗೆ ಸ್ವಲ್ಪ ಗಾಢ ಬೂದು ಹಚ್ಚಿರಿ.

ನೆರಳು: ಕಪ್ಪು ಬಣ್ಣವನ್ನು ಬಹಳ ನೀರು ಮಾಡಿ ಮೂಲೆಗಳಲ್ಲಿ ಬಿಡಿರಿ. ಅದು ಸಂದಿನಲ್ಲಿ ಇಳಿದು ನಿಲ್ಲುತ್ತದೆ. ದೊಡ್ಡ ವಸ್ತುವಿಗೆ ನೆರಳು ತಾನೇ ಬೀಳುತ್ತದೆ. ಸಣ್ಣ ಮಾದರಿಗೆ ನಾವೇ ಬರೆಯಬೇಕು.

ಒಣ ಕುಂಚ: ಕುಂಚವನ್ನು ಬಿಳಿಯಲ್ಲಿ ಅದ್ದಿ, ಅರಿವೆಗೆ ಒರೆಸಿ, ಬಣ್ಣ ಮುಗಿದೇ ಹೋಯಿತು ಅನ್ನುವಾಗ ಅಂಚುಗಳ ಮೇಲೆ ಹಗುರಾಗಿ ಎಳೆಯಿರಿ. ಉಬ್ಬಿದ ಜಾಗ ಮಾತ್ರ ಬೆಳ್ಳಗಾಗಿ ಎದ್ದು ಕಾಣುತ್ತದೆ.

ಎಂಜಿನ್ನಿನ ಬಾಯಿಗೆ ಕಪ್ಪು ಹಚ್ಚಿ, ಮೇಲೆ ಪೆನ್ಸಿಲ್ ಕಡ್ಡಿಯ ಪುಡಿಯನ್ನು ಬೆರಳಿಂದ ತಿಕ್ಕಿದರೆ ಉಕ್ಕಿನ ಹೊಳಪು ಬರುತ್ತದೆ.

ಚಂದ್ರಯಾನದ ಚಿತ್ರದಲ್ಲಿ ಬಂಗಾರದ ಹಾಳೆ ನೋಡೀರಿ. ಅದು ಬಂಗಾರ ಅಲ್ಲ. ಪಾಲಿಇಮೈಡ್ ಎಂಬ ಹಳದಿ ಛಾಯೆಯ ತೆಳು ಪ್ಲಾಸ್ಟಿಕ್ಕಿಗೆ ಅಲ್ಯೂಮಿನಿಯಂ ಲೇಪಿಸಿ ಹಲವು ಪದರ ಮಾಡಿದ ಹೊದಿಕೆ. ಸೂರ್ಯನ ಶಾಖ ಒಳಗೆ ನುಗ್ಗದಂತೆ, ಒಳಗಿನ ಶಾಖ ಹೊರಗೆ ಹೋಗದಂತೆ ಅದು ತಡೆಯುತ್ತದೆ. ಹೊಲಕ್ಕೆ ಒಯ್ಯುವ ಬುತ್ತಿಗೆ ನಾಲ್ಕು ಮಡಿಕೆ ಅರಿವೆ ಸುತ್ತಿದ ಹಾಗೆ. ನಾನು ನೀರಿನ ಟ್ಯಾಂಕಿಗೆ ಮಿಠಾಯಿ ಪೆಟ್ಟಿಗೆಯ ಬಂಗಾರದ ಹಾಳೆ ಸುತ್ತಿದ್ದೇನೆ. ಬರೀ ಚೆಂದಕ್ಕಲ್ಲ, ನೀರು ಹೆಪ್ಪುಗಟ್ಟಬಾರದಲ್ಲ.

ಯಾವುದು ನಿಜ, ಯಾವುದು ಕಥೆ?

ಇದು ಹಾರ್ತದೇನು ಎಂದು ಕೇಳುವ ಸಣ್ಣವರಿಗೆ ಹೌದು ಅನ್ನಬಾರದು. ಮಾದರಿ ಮಾಡುವವರು ನಿಜ ಹೇಳಬೇಕು. ಅದಕ್ಕೇ ಪೀಠದ ಮೇಲೆ ಒಂದು ಚೀಟಿ ಅಂಟಿಸಿದ್ದೇನೆ.

ನಿಜ: ರೆಕ್ಕೆ ಇಲ್ಲದಿರುವುದು, ಸೌರ ಫಲಕ, ಬಂಗಾರದ ಬಣ್ಣದ ಹೊದಿಕೆ.

ಕಥೆ: ಯಾವಾಗಲೂ ಹೊಳೆಯುವ ಕೆಂಪು ಎಂಜಿನ್ನು. ನಿಜದ ನೌಕೆ ಬಹುತೇಕ ದಾರಿ ಎಂಜಿನ್ನು ಬಂದ್ ಮಾಡಿಕೊಂಡೇ ಸಾಗುತ್ತದೆ. ಚಂದ್ರಯಾನ-3 ಶ್ರೀಹರಿಕೋಟಾದಿಂದ 2023ರ ಜುಲೈ 14ರಂದು ಹೊರಟು, ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರನ ಮೇಲೆ ಇಳಿಯಿತು. ಅದನ್ನು ಬೆಂಗಳೂರಿನಿಂದ ನಡೆಸಿದರು. ಆ ನಲವತ್ತು ದಿನಗಳಲ್ಲಿ ಎಂಜಿನ್ನು ಉರಿದದ್ದು ಸ್ವಲ್ಪ ಸ್ವಲ್ಪ ಹೊತ್ತು ಮಾತ್ರ.

ದೊಡ್ಡ ಕಥೆ ಎಂದರೆ ನೀರಿನದು. ಲೆಕ್ಕ ಮಾಡಿ ನೋಡೋಣ. ನಮ್ಮ ಬಾಟಲಿ 1 ಲೀಟರ್. ಉದ್ದ 100 ಪಟ್ಟು, ಅಗಲ 100 ಪಟ್ಟು, ಎತ್ತರ 100 ಪಟ್ಟು ಆದರೆ ಗಾತ್ರ 10 ಲಕ್ಷ ಪಟ್ಟು. ಅಂದರೆ ಟ್ಯಾಂಕಿಯಲ್ಲಿ 10 ಲಕ್ಷ ಲೀಟರ್, ತೂಕ 1,000 ಟನ್. ಎಲ್.ವಿ.ಎಂ.3 ರಾಕೆಟ್ ಭೂಮಿಯ ಹತ್ತಿರದ ಕಕ್ಷೆಗೆ ಒಯ್ಯುವುದೇ ಸುಮಾರು 8 ಟನ್. ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಸರ್ಕಾರದ ಜಲಜೀವನ ಯೋಜನೆಯ ಲೆಕ್ಕ. 1,000 ಜನರ ಒಂದು ಊರಿಗೆ ಈ ನೀರು ಬರುವುದು ಬರೀ 18 ದಿನ!

ಈ ಲೆಕ್ಕ ಮಾಡುವ ತನಕ ನನಗೂ ಚಂದ್ರನ ನೀರು ನಮ್ಮ ಊರಿಗೆ ಬಂದರೆ ಎಷ್ಟು ಚೆಂದ ಅನ್ನಿಸುತ್ತಿತ್ತು. ಈಗ ತಿಳಿಯಿತು, ಆ ನೀರು ಚಂದ್ರನ ಮೇಲೆ ಇರಲು ಹೋಗುವವರಿಗೆ ಬೇಕು. ಕುಡಿಯಲು, ನೀರನ್ನು ಒಡೆದು ಉಸಿರಾಡುವ ಆಮ್ಲಜನಕ ಮಾಡಲು, ಜಲಜನಕ ತೆಗೆದು ರಾಕೆಟ್ಟಿಗೆ ಇಂಧನ ಮಾಡಲು. ನಮ್ಮ ಊರಿಗೆ ಬೇಕಾದ ನೀರು ಮಳೆಯಲ್ಲಿದೆ, ಬಾವಿಯಲ್ಲಿದೆ, ಎರಡು ಹೊಳೆಗಳಲ್ಲಿದೆ. ಚಂದ್ರನಿಂದ ನೀರು ತರುವುದಕ್ಕಿಂತ ಓಣಿಯ ಸೋರುವ ನಳ ಬಂದ್ ಮಾಡುವುದು ಸಲೀಸು. ಇದನ್ನು ನನಗೆ ಕಲಿಸಿದ್ದು ಒಂದು ಖಾಲಿ ಬಾಟಲಿ.

ನೀವೇ ಉತ್ತರಿಸಿರಿ (ಉತ್ತರವನ್ನು ಚೀಟಿಯಲ್ಲಿ ಬರೆದು ಈ ಹಾಳೆಯ ಕೆಳಗೆ ಅಂಟಿಸಿರಿ)

1. ನಮ್ಮ ಶಾಲೆಯ ಕೋಣೆಯನ್ನು 1:100 ಪ್ರಮಾಣದಲ್ಲಿ ಮಾಡಿದರೆ ಎಷ್ಟು ಉದ್ದ, ಎಷ್ಟು ಅಗಲ? ಟೇಪು ಹಿಡಿದು ಅಳೆಯಿರಿ.
2. ಎರಡೇ ಸೆಲ್ (3 ವೋಲ್ಟ್) ಇಟ್ಟು ಒಂದು ಕೆಂಪು ಎಲ್.ಇ.ಡಿ. ಹಚ್ಚಬೇಕು. 10 ಮಿಲಿಆಂಪಿಯರ್ ಸಾಕು. ರೆಸಿಸ್ಟರ್ ಎಷ್ಟು ಓಮ್?
3. ಸೋರುವ ಒಂದು ನಳದ ಕೆಳಗೆ ಲೋಟ ಇಟ್ಟು ಎಷ್ಟು ಹೊತ್ತಿಗೆ ತುಂಬುತ್ತದೆ ನೋಡಿರಿ. ಒಂದು ದಿನಕ್ಕೆ ಎಷ್ಟು ಲೀಟರ್ ಹೋಯಿತು?

ಮೂರನೆಯ ಪ್ರಶ್ನೆಗೆ ಉತ್ತರ ಬರೆದವರು ಆ ನಳ ಎಲ್ಲಿದೆ ಅಂತನೂ ಬರೆಯಿರಿ. ಗುರುಗಳಿಗೆ ತೋರಿಸಿ ಪಂಚಾಯಿತಿಗೆ ಕೊಡೋಣ.

— ಏಳನೇ ತರಗತಿ ವಿದ್ಯಾರ್ಥಿನಿ, ಯಾಪಲದಿನ್ನಿ